ಪೀಣ್ಯದ ಆಟದ ಮೇಡಂ

ಅವರಿಗೆ ನೆಲದ ಮೇಲೆ ಕೂರುವುದೇ ಒಂದು ದೊಡ್ಡ ಕೆಲಸ. ಎಡಗೈಯನ್ನು ಗೋಡೆಗೆ ಊರಿ, ಬಲಗೈಯಲ್ಲಿ ಇಳಕಲ್ ಸೀರೆಯ ನೆರಿಗೆ ಎತ್ತಿ ಹಿಡಿದು, ‘ಶಿವನೇ’ ಎನ್ನುತ್ತಾ ಮೆಲ್ಲಗೆ ಇಳಿಯುವಾಗ ಎರಡೂ ಮೊಣಕಾಲು ಲಟಲಟ ಎನ್ನುತ್ತಿದ್ದವು. ಸ್ಥೂಲ ಶರೀರ, ಹಣೆ ತುಂಬ ವಿಭೂತಿ, ವಯಸ್ಸು ಅರವತ್ತು ದಾಟಿತ್ತು. ಪಕ್ಕದಲ್ಲೇ ಕುರ್ಚಿ ಇದ್ದರೂ ಮಗುವೊಂದು ಬಾಗಿಲಲ್ಲಿ ಕಂಡರೆ ಸಾಕು, ಅವರು ನೆಲಕ್ಕಿಳಿಯುತ್ತಿದ್ದರು. ನಿಂತುಕೊಂಡು ಮಗುವನ್ನು ಮಾತಾಡಿಸಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

ಪೀಣ್ಯದ ನಮ್ಮ ಏರಿಯಾದಲ್ಲಿ ಎಲ್ಲರೂ ಅವರನ್ನು ‘ಆಟದ ಮೇಡಂ’ ಎನ್ನುತ್ತಿದ್ದರು. ಹಾವೇರಿ ಕಡೆಯವರು. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ, ಗಂಡ ತೀರಿಕೊಂಡ ಮೇಲೆ ಮಗನ ಅಪಾರ್ಟ್‌ಮೆಂಟಿಗೆ ಬಂದಿದ್ದರು. ಮನಸ್ಸು ನೊಂದ ಮಕ್ಕಳನ್ನು ಆಟ, ಬಣ್ಣ, ಮಣ್ಣು, ಗೊಂಬೆಗಳ ಮೂಲಕ ಮೇಲೆತ್ತುವ ವಿದ್ಯೆಯನ್ನು ಇಲ್ಲಿಗೆ ಬಂದ ಮೇಲೆ, ತಮ್ಮ ಮಗನಿಗಿಂತ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂತು ಕಲಿತಿದ್ದರಂತೆ. ಸರ್ಕಾರಿ ಶಾಲೆಯ ಹಿಂದಿನ ಒಂದು ಕೋಣೆ ಅವರಿಗೆ ಸಿಕ್ಕಿತ್ತು. ವಾರಕ್ಕೆ ಮೂರು ದಿನ ಅಲ್ಲಿರುತ್ತಿದ್ದರು.

ನಾನು ಅಲ್ಲಿಗೆ ಹೋಗುವ ಹೊತ್ತಿಗೆ ನನ್ನ ಮಗಳು ಮಾತು ನಿಲ್ಲಿಸಿ ಎರಡು ತಿಂಗಳಾಗಿತ್ತು.

ಅವಳಿಗಾಗ ಏಳು ವರ್ಷ. ಅವಳಪ್ಪ ಒಂದು ಚಿಕ್ಕ ಕಾರ್ಖಾನೆಯಲ್ಲಿ ಪವರ್ ಪ್ರೆಸ್ ಆಪರೇಟರ್ ಆಗಿದ್ದರು. ತಗಡಿನ ಹಾಳೆಯನ್ನು ಒತ್ತಿ ಬಿಡಿಭಾಗ ಮಾಡುವ ಮಷೀನು ಅದು. ಒಂದು ದಿನ ಆ ಪ್ರೆಸ್ ಅವರ ಬಲಗೈಯ ಮೂರು ಬೆರಳು ತೆಗೆದುಕೊಂಡಿತು. ಅಂದು ಸಂಜೆ ಮಗಳ ಶಾಲೆಯಲ್ಲಿ ವಾರ್ಷಿಕೋತ್ಸವ, ಅವಳದೊಂದು ಡ್ಯಾನ್ಸ್ ಇತ್ತು. ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವಳು ಅವರ ಪಕ್ಕ ಕೂರಲಿಲ್ಲ. ಮನೆಯಲ್ಲಿ ಹೂಂ, ಉಹೂಂ ಅಷ್ಟೇ. ಶಾಲೆಯಲ್ಲಿ ಅದೂ ಇಲ್ಲ. ಇವರೂ ಹಾಗೆಯೇ ಆದರು. ಕೈಯನ್ನು ಪ್ಯಾಂಟಿನ ಜೇಬಿನಿಂದ ತೆಗೆಯುತ್ತಿರಲಿಲ್ಲ, ಊಟವನ್ನೂ ನಮಗೆ ಬೆನ್ನು ಹಾಕಿ ಎಡಗೈಯಲ್ಲಿ ಮಾಡುತ್ತಿದ್ದರು. ನಾನು ಗಾರ್ಮೆಂಟ್ಸಿನಲ್ಲಿ ಚೆಕ್ಕಿಂಗ್ ಕೆಲಸದವಳು. ಸಂಜೆ ಮನೆಗೆ ಬಂದರೆ ಒಂದು ಮೂಲೆಯಲ್ಲಿ ಅವರು, ಒಂದು ಮೂಲೆಯಲ್ಲಿ ಅವಳು. ಮೂರು ಜನರ ಮನೆಯಲ್ಲಿ ನನ್ನ ದನಿಯೊಂದೇ ಕೇಳುತ್ತಿತ್ತು.

ಕ್ಲಾಸ್ ಟೀಚರ್ ಒಂದು ದಿನ ನನ್ನನ್ನು ಕರೆಸಿ, “ಬೈಬೇಡಿ ಇವಳ್ನ. ಹಿಂದ್ಗಡೆ ರೂಮಿಗೆ ಕರ್ಕೊಂಡ್ ಹೋಗಿ” ಎಂದರು. ಹೋದೆ.

ಗೋಡೆಗೆ ಒಂದು ಶೆಲ್ಫು. ಅದರಲ್ಲಿ ಬಟ್ಟೆಯ ಗೊಂಬೆಗಳು, ಆಟಿಕೆಯ ಆಟೋ, ಬಸ್ಸು, ಡಾಕ್ಟರ್ ಸೆಟ್ಟು, ಪ್ಲಾಸ್ಟಿಕ್ ಹಸು, ಹುಲಿ. ಒಂದು ಡಬ್ಬದ ತುಂಬ ನಟ್ಟು, ವಾಷರು, ಕಬ್ಬಿಣದ ಚೂರು. ಇಲ್ಲಿನ ಮಕ್ಕಳ ಮನೆಯಲ್ಲಿ ಕಾಣುವುದು ಅವೇ ಎಂದು ಒಂದು ವರ್ಕ್‌ಶಾಪಿನಿಂದ ಕೇಳಿ ತಂದು, ಅಂಚು ಚುಚ್ಚದಂತೆ ಉಜ್ಜಿಸಿದ್ದರು. ಕೋಣೆಯ ನಡುವೆ ಅಗಲವಾದ ಮರದ ತಟ್ಟೆ, ಅದರಲ್ಲಿ ಮರಳು.

ಮೇಡಂ ‘ಶಿವನೇ’ ಎಂದು ಕೂತು ಮಗಳಿಗೆ ಹೇಳಿದರು. “ಬಾರವ್ವಾ. ಇಲ್ಲಿ ನಿನಗ ಬೇಕಾದ್ದು ಆಡು. ಮಾತಾಡಬೇಕಂತ ಏನೂ ಇಲ್ಲ.”

ನನಗೆ ಗಾಬರಿಯಾಯಿತು. ಮಾತಾಡಿಸಲಿ ಎಂದು ಕರೆತಂದರೆ ಇವರು ಹೀಗೆನ್ನುತ್ತಾರಲ್ಲ!

ಮೊದಲ ಮೂರು ವಾರ ಅವಳು ಮಾಡಿದ್ದು ಒಂದೇ ಕೆಲಸ. ಶೆಲ್ಫಿನಿಂದ ಒಂದೊಂದೇ ವಸ್ತು ತಂದು ಮರಳಿನಲ್ಲಿ ಹೂಳುವುದು. ಮೇಡಂ ಏನನ್ನೂ ಕೇಳಲಿಲ್ಲ. ಕಂಡದ್ದನ್ನಷ್ಟೇ ಹೇಳುತ್ತಿದ್ದರು. “ಬಸ್ಸು ಮುಚ್ಚಿದಿ. ಇನ್ನೂ ಸ್ವಲ್ಪ ಮರಳು ಹಾಕಿದಿ. ಈಗ ಯಾರಿಗೂ ಕಾಣಂಗಿಲ್ಲ.” ಕೊನೆಗೆ ಕಾಲು ಗಂಟೆ ಚೌಕಾಬಾರ ಆಡುತ್ತಿದ್ದರು. ಅದರಲ್ಲಿ ಮಗುವೆಂದು ಬಿಟ್ಟುಕೊಡುತ್ತಿರಲಿಲ್ಲ. ಸೋತರೆ ನಿಜವಾಗಿಯೂ ಮುಖ ಊದಿಸಿಕೊಂಡು, “ನಾಳೆ ನೋಡ್ಕೋತೇನಿ ನಿನ್ನ” ಎನ್ನುತ್ತಿದ್ದರು. ಮಗಳ ತುಟಿಯ ಕೊನೆ ಆಗ ಸ್ವಲ್ಪ ಅಲುಗುತ್ತಿತ್ತು.

ನಾನು ತಾಳ್ಮೆ ಕಳೆದುಕೊಂಡೆ. ಹೊರಗೆ ಬಂದು ಕೇಳಿಯೇ ಬಿಟ್ಟೆ. “ಮೇಡಂ, ತಪ್ಪು ತಿಳ್ಕೋಬೇಡಿ. ಬರೀ ಆಟ ಆಡಿಸ್ತಿದ್ದೀರಲ್ಲ, ಇವಳು ಮಾತಾಡೋದು ಯಾವಾಗ?”

ಅವರು ತಮ್ಮ ಡಬ್ಬಿ ಬಿಚ್ಚಿ ಅರ್ಧ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ನನ್ನ ಕೈಗಿಟ್ಟರು. ಅವರ ರೊಟ್ಟಿ ಯಾವಾಗಲೂ ತಾಯಂದಿರಿಗೆ. ಮಕ್ಕಳಿಗೆ ಮನೆಯಲ್ಲಿ ಯಾರಾದರೂ ತಿನ್ನಿಸುತ್ತಾರೆ, ನಿಮ್ಮನ್ನ ಕೇಳೋರಿಲ್ಲ ಎನ್ನುತ್ತಿದ್ದರು. “ಮಾತಾಡಾಕತ್ತಾಳಲ್ರಿ,” ಎಂದರು. “ನಮಗ ಇನ್ನೂ ತಿಳಿಯವಲ್ದು, ಅಷ್ಟ. ಮೊದಲು ತಿನ್ರಿ.”

ಆರನೆಯ ವಾರ ಮಗಳು ಜೇಡಿಮಣ್ಣಿಗೆ ಕೈ ಹಾಕಿದಳು. ಒಂದು ದೊಡ್ಡ ಗೊಂಬೆ, ಒಂದು ಮಧ್ಯಮದ್ದು, ಒಂದು ಚಿಕ್ಕದು ಮಾಡಿದಳು. ದೊಡ್ಡ ಗೊಂಬೆಯ ಕೈಯನ್ನು ಉದ್ದಕ್ಕೆ ಚಾಚಿಸಿ, ಅದರ ಮೇಲೆ ಒಂದು ಮರದ ತುಂಡನ್ನು ಬೀಳಿಸಿದಳು. ಕೈ ಚಪ್ಪಟೆಯಾಯಿತು. ಮತ್ತೆ ಕೈ ಮಾಡಿದಳು, ಮತ್ತೆ ಬೀಳಿಸಿದಳು. ಮತ್ತೆ. “ಸಾಕು ಪುಟ್ಟಿ” ಎಂದು ಎದ್ದೆ. ಮೇಡಂ ನನ್ನ ಕಡೆ ನೋಡದೆಯೇ ಅಂಗೈ ಎತ್ತಿ ತಡೆದರು. ಕೂತೆ.

ಅವರು ಚಿಕ್ಕ ಗೊಂಬೆಯನ್ನು ಬೆರಳಲ್ಲಿ ಮುಟ್ಟಿ, “ಈಕಿ ಏನೋ ಹೇಳಾಕತ್ತಾಳೇನೋ” ಎಂದರು.

ಮಗಳು ಪಿಸುಗುಟ್ಟಿದಳು. “ಬೇಗ ಬಾ ಅಂದ್ಲು.”

“ಬೇಗ ಬಾ ಅಂದ್ಲು,” ಮೇಡಂ ಅಷ್ಟೇ ಮೆಲ್ಲಗೆ ಹೇಳಿದರು.

“ಅದಕ್ಕೇ ಹಿಂಗಾಯ್ತು.”

“ಹಂಗಂತ ಆಕಿಗೆ ಯಾರು ಹೇಳಿದ್ರು?”

ಮಗಳು ಮಧ್ಯಮದ ಗೊಂಬೆಯನ್ನು ತೋರಿಸಿದಳು. ಅದು ನಾನು.

ನನಗೆ ಒಮ್ಮೆಗೇ ಎಲ್ಲ ನೆನಪಾಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ನಾದಿನಿಗೆ ಫೋನಿನಲ್ಲಿ ಅಳುತ್ತಾ ಹೇಳಿದ್ದೆ: “ಇವಳೊಬ್ಳು ಡ್ಯಾನ್ಸಿಗೆ ಬೇಗ ಬಾ ಬೇಗ ಬಾ ಅಂತ ಪ್ರಾಣ ತಿಂದ್ಲು. ಅವಸರದಲ್ಲಿ ಕೈ ಕೊಟ್ಕೊಂಡ್ರು.” ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಳು. ನಿದ್ದೆ ಬಂದಿದೆ ಎಂದುಕೊಂಡಿದ್ದೆ. ನನಗೆ ಅಪಘಾತ ಹೇಗಾಯಿತೆಂದು ಆಗ ಗೊತ್ತೂ ಇರಲಿಲ್ಲ. ಬಾಯಿಗೆ ಬಂದದ್ದನ್ನು ಆಡಿದ್ದೆ.

ಮೇಡಂ ನನ್ನನ್ನು ಜಗಲಿಗೆ ಕರೆದುಕೊಂಡು ಹೋಗಿ ನೀರು ಕೊಟ್ಟರು. ನಿಮ್ಮದೇನೂ ತಪ್ಪಿಲ್ಲ ಎಂದು ಸಮಾಧಾನ ಹೇಳಲಿಲ್ಲ. ಹೇಳಿದ್ದರೆ ನಾನು ನಂಬುತ್ತಲೂ ಇರಲಿಲ್ಲ.

“ನನ್ನ ಕ್ಲಾಸಿನ್ಯಾಗ ಒಬ್ಬಾಕಿ ಹುಡುಗಿ ಇದ್ದಳ್ರಿ,” ಎಂದರು. “ಬಾಯೇ ಬಿಡ್ತಿದ್ದಿಲ್ಲ. ಸೊಕ್ಕು ಅಂತ ತಿಳದು ವರ್ಷ ಪೂರ್ತಿ ಹೊರಗ ನಿಲ್ಲಿಸಿದ್ದೆ. ಆಕಿ ಮನ್ಯಾಗ ಏನೇನು ಆಗಿತ್ತಂತ ನನಗ ಆಮ್ಯಾಲೆ ಗೊತ್ತಾತು. ಅಷ್ಟೊತ್ತಿಗೆ ಆಕಿ ಶಾಲಿ ಬಿಟ್ಟು ಹೋಗಿದ್ದಳು. ನನಗ ಹೇಳಾಕ ಯಾರೂ ಉಳೀಲಿಲ್ಲ. ನಿಮ್ಮ ಮಗಳು ಇಲ್ಲೇ ಅದಾಳ. ಹೋಗಿ ಹೇಳ್ರಿ. ನಾನು ಹೇಳಿದ್ರ ಆಕಿ ನಂಬಂಗಿಲ್ಲ, ಹೇಳಿದವರ ತಿದ್ದಬೇಕು.”

“ಯಜಮಾನ್ರನ್ನೂ ಕರ್ಕೊಂಡು ಬರ್ರಿ, ಇಬ್ರೂ ಕೂಡಿ ಹೇಳ್ರಿ” ಎಂದರು.

ಇವರು ಬರಲೊಪ್ಪಲಿಲ್ಲ. “ನಾನ್ ಬಂದು ಗೊಂಬೆ ಆಡ್ಲಾ?” ಎಂದು ಸಿಡುಕಿದರು. ಎರಡು ವಾರ ಹೀಗೇ ಹೋದವು. ಮೂರನೆಯ ವಾರ ಮೇಡಂ ತಾವೇ ನಮ್ಮ ಮನೆಗೆ ಬಂದರು. ಎರಡನೆಯ ಮಹಡಿ, ಕಡಿದಾದ ಮೆಟ್ಟಿಲು. ಏದುಸಿರು ಬಿಡುತ್ತಾ ಬಂದು ನೆಲದ ಮೇಲೆ ಕೂತು, ಇವರ ಕೈಯ ವಿಷಯ ಎತ್ತಲೇ ಇಲ್ಲ.

“ಸಾರ್, ನಿಮ್ಮ ಮಗಳಿಗೆ ಪ್ರೆಸ್ ಹೆಂಗ ನಡೀತದ ಅಂತ ಗೊತ್ತಿಲ್ಲ. ಮರದ ತುಂಡು ಬೀಳಿಸಿ ಬೀಳಿಸಿ ನೋಡಾಕತ್ತಾಳ. ನನಗೂ ಗೊತ್ತಿಲ್ಲ. ಈ ಮನ್ಯಾಗ ಅದು ಗೊತ್ತಿರೋರು ನೀವೊಬ್ರ.”

ಹದಿನಾಲ್ಕು ವರ್ಷ ಮಷೀನಿನ ಮುಂದೆ ನಿಂತಿದ್ದ ಮನುಷ್ಯ. ಆ ಮಾತಿಗೆ ಇಲ್ಲ ಎನ್ನಲು ಅವರಿಂದಾಗಲಿಲ್ಲ.

ಮರುದಿನ ಆ ಕೋಣೆಯಲ್ಲಿ ಕೂತು ಮರದ ತುಂಡು, ಮಣ್ಣು, ವಾಷರುಗಳಿಂದ ಒಂದು ಪ್ರೆಸ್ ಕಟ್ಟಲು ಹೊರಟರು. ಒಂದು ಕೈಯಲ್ಲಿ ಅದು ನಿಲ್ಲಲಿಲ್ಲ. ಎರಡು ಸಲ ಬಿತ್ತು. ಮೂರನೆಯ ಸಲ ತಮಗೇ ತಿಳಿಯದಂತೆ ಬಲಗೈ ಜೇಬಿನಿಂದ ಹೊರಗೆ ಬಂತು. ಮಗಳು ಅದನ್ನೇ ನೋಡಿದಳು.

“ಇದು ಪೆಡಲ್ಲು. ಒತ್ತಿದ್ರೆ ಇದು ಕೆಳಗೆ ಬರತ್ತೆ,” ಎಂದರು ಅವಳಪ್ಪ. “ಇಲ್ಲೊಂದು ಗಾರ್ಡ್ ಇರ್ಬೇಕು, ಕೈ ಒಳಗೆ ಹೋಗ್ದಂಗೆ. ಅದನ್ನ ಬಿಚ್ಚಿಟ್ಟಿದ್ರು. ಅವತ್ತು ನಾನು ಪೆಡಲ್ ಒತ್ತೇ ಇರ್ಲಿಲ್ಲ ಪುಟ್ಟಿ. ಮಷೀನ್ ಕೆಟ್ಟಿತ್ತು, ತಾನಾಗೇ ಇನ್ನೊಂದ್ಸಲ ಬಿತ್ತು. ಆಗಿನ್ನೂ ಬೆಳಿಗ್ಗೆ ಹತ್ತೂವರೆ. ನಂಗೆ ಅವಸರವೇ ಇರ್ಲಿಲ್ಲ. ಸಂಜೆ ನಿನ್ ಡ್ಯಾನ್ಸಿಗೆ ಬರೋಕೆ ಪರ್ಮಿಶನ್ ಆಗ್ಲೇ ಕೇಳಿದ್ದೆ, ಕೊಟ್ಟಿದ್ರು.”

ನಾನೂ ಹೇಳಿದೆ. “ಆಸ್ಪತ್ರೇಲಿ ಫೋನಲ್ಲಿ ನಾನಂದಿದ್ದು ಸುಳ್ಳು. ಭಯ ಆಗಿ ಏನೇನೋ ಅಂದ್ಬಿಟ್ಟೆ. ನೀನೇನೂ ಮಾಡಿಲ್ಲ. ತಪ್ಪು ನಂದು.”

ಮಗಳು ಓಡಿಬಂದು ನಮ್ಮನ್ನು ತಬ್ಬಿಕೊಳ್ಳಲಿಲ್ಲ. ಆ ಮಣ್ಣಿನ ಮಷೀನಿನ ಹತ್ತಿರಕ್ಕೆ ಜರುಗಿದಳು. ಆಮೇಲೆ ಅಪ್ಪನನ್ನು ಕೇಳಿದಳು. “ಗಾರ್ಡ್ ಎಲ್ಲಿ ಹಾಕ್ಬೇಕು?” ಅವರು ತೋರಿಸಿದರು. ಅವಳು ಮಣ್ಣು ಲಟ್ಟಿಸಿ ಅಲ್ಲೊಂದು ಗಾರ್ಡ್ ಮಾಡಿ ನಿಲ್ಲಿಸಿದಳು. “ನೋವಾಗತ್ತಾ?” ಎಂದಳು. “ಚಳಿಗೆ ಸ್ವಲ್ಪ” ಎಂದರು.

ಎಲ್ಲವೂ ಅಂದೇ ಸರಿಹೋಯಿತೆಂದಲ್ಲ. ಶಾಲೆಯಲ್ಲಿ ಅವಳು ಬಾಯಿ ಬಿಡಲು ಇನ್ನೂ ಎರಡು ತಿಂಗಳು ಬೇಕಾಯಿತು. ಇವರು ಬೇರೆ ಕಡೆ ಸ್ಟೋರಿನಲ್ಲಿ ಕೆಲಸ ಹಿಡಿಯುವಷ್ಟರಲ್ಲಿ ವರ್ಷ ಕಳೆಯಿತು. ಆದರೆ ಆ ವಾರವೇ ಇವರು ನಮ್ಮ ಕಡೆ ಮುಖ ಮಾಡಿ ಊಟಕ್ಕೆ ಕೂತರು. ಆಮೇಲೊಂದು ದಿನ ಟೀಚರ್ ಫೋನ್ ಮಾಡಿ, “ಇವತ್ತು ಲೇಟಾಗಿ ಬಂದು ‘ಟೀಚರ್, ಒಳಗೆ ಬರ್ಲಾ’ ಅಂದ್ಲು” ಎಂದಾಗ ನಾನು ಚೆಕ್ಕಿಂಗ್ ಟೇಬಲ್ಲಿನ ಮೇಲೆ ತಲೆಯಿಟ್ಟು ಅತ್ತೆ.

ಮೇಡಂಗೆ ಥ್ಯಾಂಕ್ಸ್ ಹೇಳಲು ಹೋದರೆ ಅವರು ಕೋಣೆ ಗುಡಿಸುತ್ತಿದ್ದರು. “ಕೆಲಸ ಆಕಿ ಮಾಡಿದ್ದು, ನೀವಿಬ್ರು ಮಾಡಿದ್ದು. ನಾನು ಮರಳು ಸೋಸಿ ಕೊಟ್ಟೆ” ಎಂದಷ್ಟೇ ಹೇಳಿ, ಮುಂದಿನ ಮಗುವಿಗೆ ಬಾಗಿಲು ತೆರೆದರು. ಯಾವ ಮಗು, ಏನಾಗಿದೆ ಎಂದು ನಾನು ಕುತೂಹಲಕ್ಕೆ ಕೇಳಿದೆ. ಅವರು ಕೇಳಿಸದವರಂತೆ ಇದ್ದುಬಿಟ್ಟರು. ಒಂದು ಮನೆಯ ವಿಷಯವನ್ನು ಇನ್ನೊಂದು ಮನೆಗೆ ಅವರು ಎಂದೂ ದಾಟಿಸಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಅದೇ ಟೀಚರ್ ಫೋನ್ ಮಾಡಿ ತಿಳಿಸಿದರು. ನಾವು ಮೂವರೂ ಹೊರಟೆವು. ಮಗಳು ಆಗ ಒಂಬತ್ತನೇ ಕ್ಲಾಸು. ಬಸ್ಸಿನಲ್ಲಿ ಒಂದು ನಿಮಿಷ ಬಾಯಿ ಮುಚ್ಚದವಳು ಅಂದು ಕಿಟಕಿಯ ಕಡೆ ನೋಡುತ್ತಾ ಕೂತಿದ್ದಳು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿ ಫ್ಲ್ಯಾಟ್ ನಂಬರ್ ಕೇಳಿದ. ನಮಗೆ ಗೊತ್ತಿರಲಿಲ್ಲ. ನಮ್ಮ ಹಿಂದೆ ನಿಂತಿದ್ದ ಇನ್ನೊಂದು ಸಂಸಾರಕ್ಕೂ ಗೊತ್ತಿರಲಿಲ್ಲ.

ಕೆಳಗಿನ ಪಾರ್ಕಿಂಗಿನಲ್ಲಿ ಅವರನ್ನು ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಸುತ್ತ ಎಷ್ಟೊಂದು ಜನ ತಾಯಂದಿರು, ತಂದೆಯಂದಿರು, ಬೆಳೆದ ಮಕ್ಕಳು. ಒಬ್ಬರಿಗೊಬ್ಬರು ಪರಿಚಯವಿಲ್ಲ. ಅವರ ಮಗ ಒಬ್ಬೊಬ್ಬರ ಮುಂದೆ ಕೈಮುಗಿಯುತ್ತಾ ಬಂದು ನಮ್ಮೆದುರು ನಿಂತರು.

“ಅಮ್ಮ ಮನೇಲಿ ಯಾರ ವಿಷಯಾನೂ ಹೇಳ್ತಿರ್ಲಿಲ್ಲ. ನೀವು ಯಾರು ಅಂತ ಗೊತ್ತಾಗ್ಲಿಲ್ಲ” ಎಂದರು.

ಎಲ್ಲಿಂದ ಶುರುಮಾಡಲಿ ಎಂದು ನಾನು ಮಾತು ಹುಡುಕುತ್ತಿದ್ದೆ. ನನ್ನ ಪಕ್ಕದಲ್ಲಿದ್ದ ಮಗಳು ಒಂದು ಹೆಜ್ಜೆ ಮುಂದೆ ಬಂದು, ಸ್ಪಷ್ಟವಾಗಿ ಹೇಳಿದಳು.

“ಅವ್ರು ನನ್ ಜೊತೆ ಆಟ ಆಡ್ತಿದ್ರು ಸಾರ್.”