ಸರದಿ ಪಟ್ಟಿ ಅಳಿಸಿದವರು ಯಾರು

ನನಗೆ ಮೂಗಿನ ತುದಿಯಲ್ಲೇ ಕೋಪ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆದದ್ದೆಲ್ಲ ಅದರಿಂದಲೇ. ಪೂರಿಗಾಲಿ ಕಡೆ ಭತ್ತ ಕೊಯ್ಯುವ ಯಂತ್ರ ಬಾಡಿಗೆಗೆ ಕೊಡುವ ಪುಟ್ಟ ಕೇಂದ್ರವೊಂದಕ್ಕೆ ನಾನು ಮೇಲ್ವಿಚಾರಕನಾಗಿದ್ದೆ. ಇದ್ದದ್ದು ಎರಡೇ ಯಂತ್ರ. ಯಾವ ದಿನ ಯಾರ ಗದ್ದೆ ಎಂಬ ಸರದಿಯ ಪಟ್ಟಿ ಕಚೇರಿಯ ಕಂಪ್ಯೂಟರಿನಲ್ಲಿರುತ್ತಿತ್ತು.

ದಿನವೆಲ್ಲ ಗದ್ದೆ ಸುತ್ತಿ, ಯಾರ ಪೈರು ಮಾಗಿದೆಯೆಂದು ನೋಡಿ, ಸಂಜೆ ಬಂದು ಆ ಪಟ್ಟಿ ತಿದ್ದುವವನು ಬೆಳಕವಾಡಿಯ ಒಬ್ಬ ಹಂಗಾಮಿ ನೌಕರ. ಆ ಸುಗ್ಗಿಯಲ್ಲಿ ಅವನು ತಿದ್ದಿದ್ದು ಬೆಳಿಗ್ಗೆಗೆ ಇರುತ್ತಲೇ ಇರಲಿಲ್ಲ. ಭತ್ತ ಉದುರಿಹೋಗುತ್ತಿದೆ ಎಂದು ರೈತರು ಬಾಗಿಲಿಗೆ ಬಂದು ನನ್ನ ಜನ್ಮ ಜಾಲಾಡುತ್ತಿದ್ದರು. ತಿದ್ದಿದ್ದೇನೆ ಎಂದು ಅವನು, ಸುಳ್ಳು ಬೊಗಳಬೇಡ ಎಂದು ನಾನು. ಒಂದು ತಿಂಗಳು ಇದೇ ರಾಮಾಯಣ. ಕೊನೆಗೆ ಅವನನ್ನು ಕೆಲಸದಿಂದ ತೆಗೆಯುವ ಪತ್ರ ಬರೆದಿಟ್ಟೆ. ಅವನ ಮನೆಯಲ್ಲಿ ಸಂಬಳ ತರುವವನು ಅವನೊಬ್ಬನೇ ಎಂಬುದು ನನಗೆ ಗೊತ್ತಿತ್ತು, ಆದರೂ ಬರೆದೆ.

ಸಹಿ ಹಾಕುವ ಮುಂಚೆ ಸಾಕ್ಷಿಯೊಂದು ಇರಲಿ ಎಂದು, ನಮ್ಮ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಮದ್ದೂರಿನ ಎಂಜಿನಿಯರ್ ಹೆಣ್ಣುಮಗಳನ್ನು ಕರೆಸಿದೆ. ಕಚೇರಿಯವರೆಲ್ಲ ಒಂದೇ ಪಾಸ್‌ವರ್ಡ್ ಬಳಸುತ್ತೀರಿ, ಹೀಗಾದರೆ ಯಾರೆಂದು ಹುಡುಕಲಿ ಎಂದು ಮೊದಲು ನನ್ನನ್ನೇ ಬೈದಳು. ಆಮೇಲೆ ಕುಳಿತು ಕರ್ನಲ್ಲಿಗೇ ಕೈ ಹಾಕಿದಳು. ಕಂಪ್ಯೂಟರಿನ ಒಳತಿರುಳು ಅದು. ಯಾವ ಕಡತ ತೆರೆಯಬೇಕಾದರೂ, ಅಳಿಸಬೇಕಾದರೂ ಅದನ್ನು ಕೇಳದೆ ಆಗುವುದಿಲ್ಲವಂತೆ. ಅಲ್ಲಿ ನಡೆಯುವುದನ್ನೆಲ್ಲ ದಾಖಲಿಸುವ ಪುಟ್ಟ ಪ್ರೋಗ್ರಾಮೊಂದನ್ನು ಬರೆದು ಕೂರಿಸಿದಳು.

“ತೂಬಿನ ಅತ್ರ ಕುಂತ್ಕೊಂಡ್ರೆ ಯಾರ ಗದ್ದೆಗೆ ನೀರು ಓಯ್ತು ಅಂತ ತಾನಾಗೇ ಗೊತ್ತಾಯ್ತದೆ ಸಾರ್,” ಎಂದಳು.

ಮೊದಲ ದಿನ ಅವಳ ಪ್ರೋಗ್ರಾಮು, ತಾನು ದಾಖಲೆ ಬರೆಯುವುದನ್ನೂ ದಾಖಲಿಸಿ, ಅದನ್ನು ಬರೆದದ್ದನ್ನೂ ದಾಖಲಿಸಿ, ಡಿಸ್ಕನ್ನೆಲ್ಲ ತುಂಬಿಸಿಬಿಟ್ಟಿತು. ಅವಳು ನಕ್ಕು, ನಿನ್ನದನ್ನು ನೀನು ಬರೆದುಕೊಳ್ಳಬೇಡ ಎಂದು ಅದಕ್ಕೆ ಎರಡು ಸಾಲು ಸೇರಿಸಿದಳು. ಎಂಥ ತಾಳ್ಮೆ! ನಾನಾಗಿದ್ದರೆ ಕೀಬೋರ್ಡು ಎಸೆದಿರುತ್ತಿದ್ದೆ.

ಮೂರು ದಿನ ಕಳೆದ ಮೇಲೆ ಒಂದು ಹಾಳೆ ತಂದು ನನ್ನ ಮುಂದಿಟ್ಟಳು. ಮೂರೂ ಸಂಜೆ ಆರರ ಸುಮಾರಿಗೆ ಪಟ್ಟಿ ತಿದ್ದಲಾಗಿತ್ತು. ಮೂರೂ ಬೆಳಿಗ್ಗೆ ಒಂಬತ್ತಕ್ಕೆ, ಪೆನ್‌ಡ್ರೈವಿನಿಂದ ಬಂದ ಹಳೆಯ ಪ್ರತಿ ಅದರ ಮೇಲೆ ಕೂತಿತ್ತು.

ಅಯ್ಯೋ ಶಿವನೇ. ಆ ಕಚೇರಿಯಲ್ಲಿ ಪೆನ್‌ಡ್ರೈವ್ ಇದ್ದದ್ದು ನನ್ನೊಬ್ಬನ ಹತ್ತಿರ. ನಮ್ಮ ಕಡೆಯ ಕರೆಂಟನ್ನು ನಂಬದೆ, ನಾಲ್ಕು ಗಂಟೆಗೆ ಮನೆಗೆ ಹೊರಡುವಾಗ ಪಟ್ಟಿಯ ಪ್ರತಿ ತೆಗೆದುಕೊಂಡು ಹೋಗಿ ದೇವರ ಮನೆಯಲ್ಲಿಡುತ್ತಿದ್ದೆ. ಬೆಳಿಗ್ಗೆ ಕುಂಕುಮ ಹಚ್ಚಿ ತಂದು, ಅದೇ ಸರಿಯಾದದ್ದೆಂದು ಕಂಪ್ಯೂಟರಿಗೆ ತುಂಬುತ್ತಿದ್ದೆ. ಅವನು ಆರಕ್ಕೆ ತಿದ್ದಿದ್ದೆಲ್ಲ ಹೀಗೆ ದಿನಾ ನನ್ನ ಕೈಯಿಂದಲೇ ಅಳಿದುಹೋಗುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಅವಳಿಗೆ ಅಷ್ಟೂ ಗೊತ್ತಾಗಿತ್ತು. ಎಲ್ಲರ ಮುಂದೆ ನನ್ನ ಮಾನ ತೆಗೆಯಬಹುದಿತ್ತು, ತೆಗೆಯಲಿಲ್ಲ. ಹಾಳೆ ಕೊಟ್ಟು ಕಾಫಿ ಕುಡಿದು ಮದ್ದೂರಿನ ಬಸ್ಸು ಹತ್ತಿದಳು. ಅವಳ ಬಗ್ಗೆ ನನಗೆ ಇವತ್ತಿಗೂ ಗೌರವ. ಅವಳು ಬರೆದ ಆ ಪ್ರೋಗ್ರಾಮಿನ ಬಗ್ಗೆಯೂ ಅಷ್ಟೇ. ಮೇಲ್ವಿಚಾರಕ, ಹಂಗಾಮಿ ಎಂದು ನೋಡದೆ ಆದದ್ದನ್ನು ಆದಂತೆ ಬರೆದಿತ್ತು.

ಸಂಜೆ ಅವನು ಬರುವತನಕ ಕಾದಿದ್ದೆ. ಬರೆದಿಟ್ಟ ಪತ್ರ ಅವನ ಎದುರಿಗೇ ಹರಿದೆ, ತಪ್ಪು ನನ್ನದು ಎಂದೆ, ನಂಬಲಿ ಎಂದು ಹಾಳೆಯನ್ನೂ ಕೈಗೆ ಕೊಟ್ಟೆ. ಅವನು ಒಂದೊಂದೇ ಸಾಲು ಓದಿ ಹಾಳೆ ಮಡಚಿ ಮೇಜಿನ ಮೇಲಿಟ್ಟ. ಮುಖದಲ್ಲಿ ಸಿಟ್ಟೂ ಇರಲಿಲ್ಲ.

“ತಿಂಗ್ಳಿಂದ ನಾನು ಬಾಯ್ಬುಟ್ಟು ಯೋಳಿದ್ದೂ ಇದ್ನೇ ಅಲ್ವಾ ಸಾರ್,” ಎಂದ.