ಸಿ ಭಾಷೆಯನ್ನು ಬೆಂಚಿನ ಮೇಲೆ ಕೂರಿಸಿದವರು

ನಿಂಗಮ್ಮ ಮೇಡಂ ಪಾಠ ಮಾಡುವಾಗ ಹಲಗೆಯ ಕಡೆ ತಿರುಗುತ್ತಲೇ ಇರಲಿಲ್ಲ. ನಮ್ಮನ್ನೇ ಎಬ್ಬಿಸಿ, ಕೂರಿಸಿ, ಓಡಾಡಿಸಿ ಕಂಪ್ಯೂಟರಿನ ಸಿ ಭಾಷೆ ಕಲಿಸುತ್ತಿದ್ದರು. ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬಂದು ಸೇಡಂ ರಸ್ತೆಯ ನಮ್ಮ ಡಿಪ್ಲೊಮಾ ಕಾಲೇಜಿನ ಮೆಟ್ಟಿಲು ಹತ್ತುವಾಗಲೇ ಅವರ ದನಿ ಮೇಲಿನ ಮಹಡಿಗೆ ಕೇಳುತ್ತಿತ್ತು. ಯಾರದ್ದಾದರೂ ಪ್ರೋಗ್ರಾಂ ತಪ್ಪಾದರೆ ಬೈಯುತ್ತಿರಲಿಲ್ಲ. ಚೀಲದಿಂದ ತಮ್ಮೂರಿನ ಕೆಂಪು ಬಾಳೆಹಣ್ಣು ತೆಗೆದು, "ತಿನ್ನು, ಆಮ್ಯಾಲ ಮತ್ತ ನೋಡು" ಎನ್ನುತ್ತಿದ್ದರು. ಆ ವರ್ಷ ಅತಿ ಹೆಚ್ಚು ಹಣ್ಣು ತಿಂದವಳು ನಾನೇ.

ಸಿ ವಿಷಯದಲ್ಲಿ ನಾನಾಗಲೇ ಒಮ್ಮೆ ಡುಮ್ಕಿ ಹೊಡೆದಿದ್ದೆ. ಈ ಸಲವೂ ಹೋದರೆ ಓದು ಸಾಕು ಎಂದು ಅಪ್ಪ ಹೇಳಿಯಾಗಿತ್ತು. ಅದರಲ್ಲೂ ಯೂನಿಯನ್ ಎಂಬ ಪಾಠ ಬಂದರೆ ನಾನು ಪುಸ್ತಕವನ್ನೇ ಮುಚ್ಚಿಡುತ್ತಿದ್ದೆ.

ಒಂದು ದಿನ ಮೇಡಂ ನಾಲ್ವರು ಕೂರುವ ಬೆಂಚುಗಳನ್ನೇ ಮೆಮೊರಿ ಮಾಡಿದರು. ಒಬ್ಬೊಬ್ಬರು ಕೂರುವಷ್ಟು ಜಾಗ ಒಂದೊಂದು ಬೈಟು. "ಯೂನಿಯನ್ ಅಂದ್ರ ಒಂದ ಜಾಗಾ, ಪಾಳಿ ಮ್ಯಾಲ ಕೂಡೋದು" ಎಂದು ಮೊದಲ ಬೆಂಚಿನಲ್ಲಿ ನಾಲ್ಕು ಹುಡುಗಿಯರನ್ನು ಕೂರಿಸಿದರು. ಅದು ಒಂದು ಪೂರ್ಣಾಂಕ. ಅವರನ್ನು ಎಬ್ಬಿಸಿ ಅದೇ ಜಾಗದಿಂದ ಐದು ಹುಡುಗರನ್ನು, ಅಂದರೆ ಐದು ಅಕ್ಷರಗಳನ್ನು ಕೂರಿಸಿದರು. ಐದನೆಯವನು ಎರಡನೇ ಬೆಂಚಿಗೆ ಹೋದ. ಅವನ ಪಕ್ಕ ಮೂರು ಜಾಗ ಖಾಲಿ. ಅಷ್ಟರಲ್ಲಿ ಪಾಠ ನೋಡಲು ಬಂದ ಪ್ರಿನ್ಸಿಪಾಲರು ಅಲ್ಲೇ ಕುಳಿತುಬಿಟ್ಟರು.

"ಏಳ್ರಿ ಸರ್! ಅದು ಖಾಲಿ ಇದ್ರೂ ಈ ಯೂನಿಯನ್ನಿಂದೇ ಜಾಗಾ ಅದರಿ."

"ಮತ್ತ ನಾ ಎಲ್ಲಿ ಕೂಡ್ಲಿ, ಮೇಡಂ?"

"ಮೂರನೇ ಬೆಂಚಿಗೆ ಹೋಗ್ರಿ. ಮುಂದಿನ ಯೂನಿಯನ್ ಅಲ್ಲಿಂದನ ಸುರು ಆಗ್ಬೇಕು. ಇಲ್ಲಾಂದ್ರ ಅದರಾಗಿನ ನಾಲ್ಕು ಹುಡುಗ್ಯಾರು ಎರಡು ಬೆಂಚಿಗೆ ಹಂಚಿ ಹೋಗ್ತಾರ್ರಿ. ಕಂಪ್ಯೂಟರಿಗೆ ಅವರು ಒಂದ ಬೆಂಚಿನಾಗ ಬೇಕು!"

ಪ್ರಿನ್ಸಿಪಾಲರು ತೆಪ್ಪಗೆ ಎದ್ದು ಮೂರನೇ ಬೆಂಚಿಗೆ ಹೋದರು. ನಾವು ಬಿದ್ದು ಬಿದ್ದು ನಕ್ಕೆವು.

ಮೌಖಿಕ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಐದು ಅಕ್ಷರ, ಒಂದು ಪೂರ್ಣಾಂಕ ಇರುವ ಯೂನಿಯನ್ನಿಗೆ ಎಷ್ಟು ಬೈಟು? "ಎಂಟು ರೀ, ಎರಡು ಪೂರಾ ಬೆಂಚು" ಎಂದೆ. ಐದು ಯಾಕಲ್ಲ ಎಂದರು ಪರೀಕ್ಷಕರು. ನಾನು ಅವರ ಕೋಣೆಯ ಬೆಂಚಿನ ಮೇಲೇ ಕುಳಿತು, ಎದ್ದು, ಜರುಗಿ ತೋರಿಸಿದೆ. ಅವರು ಪೆನ್ನು ಕೆಳಗಿಟ್ಟು ನಕ್ಕರು.

ಫಲಿತಾಂಶ ಬಂದಾಗ ಮೇಡಂ ನಿವೃತ್ತರಾಗಿದ್ದರು. ಪಾಸಾದ ಸುದ್ದಿ ಹೇಳಲು ಕಮಲಾಪುರಕ್ಕೇ ಹೋದೆ. ಅವರು ಓಣಿಯವರನ್ನೆಲ್ಲ ಕರೆದು, "ನಮ್ಮ ರೇಣುಕಾ ಪಾಸ್ ಆಗ್ಯಾಳ್ರೀ!" ಎಂದು ಸಾರಿದರು. ಅದೇ ನಮ್ಮ ಕೊನೆಯ ಭೇಟಿ. ಮರುವರ್ಷ ಅವರು ತೀರಿಕೊಂಡರು. ನೆನೆದರೆ ಈಗಲೂ ಸಂಕಟವಾಗುತ್ತದೆ, ಹಿಂದೆಯೇ ನಗುವೂ ಬರುತ್ತದೆ.

ಕಮಲಾಪುರಕ್ಕೆ ಹೋದ ಆ ದಿನ ಮೇಡಂ ನನ್ನಿಂದಲೇ ಅಪ್ಪನಿಗೆ ಫೋನ್ ಹಚ್ಚಿಸಿ ಕಸಿದುಕೊಂಡಿದ್ದರು. ಮುಂದೆ ಓದಿಸುತ್ತೀರಾ ಎಂದು ಕೇಳಲೇ ಇಲ್ಲ.

"ಅಣ್ಣಾರ, ಇಂಜಿನಿಯರಿಂಗಿಗೆ ಯಾವ ಕಾಲೇಜು ನೋಡೀರಿ?"

ಆ ಕಡೆಯಿಂದ ಅಪ್ಪ, "ನೀವ ಹೇಳ್ರಿ ಅಕ್ಕಾರ" ಎಂದರು.