ದಾದಿ ಕಲಿಸಿದ ಏಳು ಸಾಲು

ಕಳೆದ ವಾರ ಹಲ್ಲುನೋವಿಗೆ ಲವಂಗ ಕಚ್ಚಿಕೊಂಡು ಕೂತಿದ್ದೆ. ಮೊದಲು ಖಾರ, ಆಮೇಲೆ ಬಾಯ ತುಂಬ ಆ ಒಣ ಘಾಟು. ಅದರ ಹಿಂದೆಯೇ ಜಾಲಹಳ್ಳಿಯ ಒಂದು ಹಜಾರ ಕಣ್ಣ ಮುಂದೆ ಬಂದು ನಿಂತಿತು. ಹಸಿರು ಬಣ್ಣದ ಕಬ್ಬಿಣದ ಮಂಚ, ಮಂಚದ ಮೇಲೆ ಮೊರದ ತುಂಬ ಅಕ್ಕಿ, ಮೊರದ ಹಿಂದೆ ಬಿಳಿ ದುಪಟ್ಟಾ ಹೊದ್ದ ದಾದಿ. ದಾದಿ ಎಂದರೆ ನನ್ನ ಗೆಳತಿ ನಸೀಮಾಳ ಅಜ್ಜಿ. ಅವರ ದವಡೆಯಲ್ಲಿ ಯಾವಾಗಲೂ ಒಂದು ಲವಂಗ ಇರುತ್ತಿತ್ತು. ನಲವತ್ತು ವರ್ಷ ಆಗುತ್ತ ಬಂದರೂ ಲವಂಗದ ವಾಸನೆಗೆ ನನಗೆ ಮೊದಲು ನೆನಪಾಗುವುದು ಅವರು, ಆಮೇಲೆ ನಾನು ಅವರಿಗೆ ಮಾಡಿದ್ದು. ಇಷ್ಟು ದಿನ ಅದನ್ನು ನುಂಗಿಕೊಂಡು ಇದ್ದೆ. ಈಗ ಆಗುತ್ತಿಲ್ಲ, ಯಾಕೆಂದರೆ ಮೊನ್ನೆ ಭಾನುವಾರ ಅದೇ ಕಥೆಯನ್ನು ಅರ್ಧ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದಿದ್ದೇನೆ.

ನಾನೀಗ ಇರುವುದು ಸಿಂಗಸಂದ್ರದ ಒಂದು ಅಪಾರ್ಟ್‌ಮೆಂಟಿನಲ್ಲಿ. ಕೆಳಗಿನ ಕಮ್ಯುನಿಟಿ ಹಾಲನ್ನು ಯಾರ ಹಬ್ಬಕ್ಕೆ ಕೊಡಬೇಕು, ಯಾರದಕ್ಕೆ ಬೇಡ ಎಂದು ವಾಟ್ಸಾಪ್ ಗುಂಪಿನಲ್ಲಿ ಮಾತಿಗೆ ಮಾತು ಬೆಳೆದು, ಲಿಫ್ಟಿನಲ್ಲಿ ಎದುರಾದರೆ ಮುಖ ತಿರುಗಿಸುವ ಮಟ್ಟಕ್ಕೆ ಹೋಗಿತ್ತು. ಕೆಲವರು ಸೇರಿ ಅದೇ ಹಾಲಿನಲ್ಲಿ ಒಂದು ಸೌಹಾರ್ದ ಕೂಟ ಇಟ್ಟರು. ಎಲ್ಲ ಧರ್ಮದವರೂ ಬರುವುದು, ತಮ್ಮ ಅನುಭವ ಹೇಳಿಕೊಳ್ಳುವುದು, ಒಟ್ಟಿಗೆ ತಿಂಡಿ ತಿನ್ನುವುದು. ಕಾರ್ಯದರ್ಶಿ "ಮೇಡಂ, ನೀವು ಇಲ್ಲೇ ಹುಟ್ಟಿ ಬೆಳೆದವರು, ಎರಡು ಮಾತಾಡಿ" ಎಂದು ಮೈಕ್ ಕೈಗೆ ಕೊಟ್ಟ. ಚಿಕ್ಕವಳಿದ್ದಾಗ ಪಕ್ಕದ ಮನೆಯ ಮುಸ್ಲಿಂ ಅಜ್ಜಿ ನನಗೆ ಅವರ ಪ್ರಾರ್ಥನೆ ಕಲಿಸಿದ್ದರು, ನನ್ನ ಅಜ್ಜಿ ಅವರ ಮೊಮ್ಮಗಳಿಗೆ ಶ್ಲೋಕ ಕಲಿಸಿದ್ದರು ಎಂದೆ. ಅಷ್ಟಕ್ಕೇ ಚಪ್ಪಾಳೆ. ಮುಂದೆ ಕೂತಿದ್ದ ಒಬ್ಬರು ಕಣ್ಣೊರೆಸಿಕೊಂಡರು. ಯಾರೋ ವಿಡಿಯೋ ಮಾಡಿ ಗುಂಪಿಗೂ ಹಾಕಿದರು. ಆಮೇಲೆ ಏನಾಯಿತು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಡ್ಲಿ ತಿಂದು ಮೇಲೆ ಬಂದೆ.

ಆಗ ನಮ್ಮದು ಜಾಲಹಳ್ಳಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸು. ಅಂಟಿಕೊಂಡ ಎರಡೆರಡು ಮನೆ, ಮುಂದೆ ದಾಸವಾಳದ ಬೇಲಿ, ರಸ್ತೆಯುದ್ದಕ್ಕೂ ಸಿಲ್ವರ್ ಓಕ್ ಮರ. ಸೈರನ್ ಕೂಗಿದರೆ ಕಾಲೊನಿಯ ಗಂಡಸರೆಲ್ಲ ಒಟ್ಟಿಗೆ ಸೈಕಲ್ ಹತ್ತುತ್ತಿದ್ದರು, ಮತ್ತೆ ಕೂಗಿದರೆ ಒಟ್ಟಿಗೆ ಮನೆಗೆ ಬರುತ್ತಿದ್ದರು. ನನ್ನ ಅಪ್ಪನಿಗೂ ನಸೀಮಾಳ ಅಪ್ಪನಿಗೂ ಒಂದೇ ಶಿಫ್ಟು. ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಒಗ್ಗರಣೆಗೆ ನಾವು ಸೀನುತ್ತಿದ್ದೆವು, ನಮ್ಮಜ್ಜಿ ಪೂಜೆಯ ಗಂಟೆ ಬಾರಿಸಿದರೆ ದಾದಿಗೆ ಹೊತ್ತು ಗೊತ್ತಾಗುತ್ತಿತ್ತು. ಹಾಗೆಂದು ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುತ್ತಿದ್ದರು ಎಂದು ಬಣ್ಣ ಕಟ್ಟಿ ಹೇಳಲಾರೆ. ನಮ್ಮಜ್ಜಿ ಅವರ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ದಾದಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ, ಬೇಲಿಯಾಚೆಯಿಂದ ಕರಿಬೇವು ಕೊಟ್ಟು ಸುಮ್ಮನಾಗುತ್ತಿದ್ದರು.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಕಾಲೊನಿಯ ಹಾಲಿನಲ್ಲಿ ಸರ್ವಧರ್ಮ ಪ್ರಾರ್ಥನೆ ನಡೆಸಲು ಹೊರಟವರು ನಮ್ಮ ಮೇರಿ ಟೀಚರ್. ಅವರದು ಒಂದೇ ಷರತ್ತು. "ಅವರವರ ಮನೇದು ಅವರವರು ಹೇಳಿದ್ರೆ ಅದರಲ್ಲೇನು ವಿಶೇಷ? ಬೇರೆಯವರ ಮನೆಗೆ ಹೋಗಿ ಕಲ್ತು ಬನ್ನಿ." ಹಾಗೆ ನನ್ನ ಪಾಲಿಗೆ ಬಂದದ್ದು ನಮಾಜಿನಲ್ಲಿ ಹೇಳುವ ಏಳು ಸಾಲು, ನಸೀಮಾಳ ಪಾಲಿಗೆ ನಮ್ಮಜ್ಜಿ ದೀಪ ಹಚ್ಚುವಾಗ ಹೇಳುವ ಶ್ಲೋಕ. ಎರಡು ವಾರ, ಸ್ಕೂಲು ಬಿಟ್ಟ ಮೇಲೆ ನಾವಿಬ್ಬರೂ ಮನೆ ಅದಲುಬದಲು ಮಾಡಿಕೊಂಡೆವು.

"ಮೊದಲು ಕೈಕಾಲು ತೊಳ್ಕೊ." ಎರಡು ಮನೆಯಲ್ಲೂ ಅದೇ ಮೊದಲ ಪಾಠ. ದಾದಿ ತಮ್ಮ ದುಪಟ್ಟಾದ ಅಂಚನ್ನೇ ಎಳೆದು ನನ್ನ ತಲೆಗೂ ಹೊದಿಸುತ್ತಿದ್ದರು. ಕೋಲಾರದ ಕಡೆಯವರು, ಅವರ ಕನ್ನಡದಲ್ಲಿ ತೆಲುಗು, ಉರ್ದು ಎರಡೂ ಕಲೆತಿದ್ದವು. ಕಣ್ಣಿಗೆ ಪೊರೆ ಬಂದಿತ್ತು. ಅಕ್ಕಿಯಲ್ಲಿನ ಕಲ್ಲನ್ನು ಬೆರಳಿನಲ್ಲೇ ಹುಡುಕುತ್ತಿದ್ದರು, ನನ್ನ ಉಚ್ಚಾರದ ಕಲ್ಲನ್ನು ಕಿವಿಯಲ್ಲಿ. ನಾನು ಗಡಿಬಿಡಿಯಲ್ಲಿ ಓಡಿಸಿದರೆ "ಅವಸರ ಯಾಕೆ ಬೇಟಾ, ಬಸ್ ಹೋಗ್ತದಾ?" ಅನ್ನುತ್ತಿದ್ದರು. ಒಂದು ದಿನ ಅರ್ಥ ಕೇಳಿದೆ. "ನೆಟ್ಟಗಿರೋ ದಾರಿ ತೋರ್ಸು ಅಂತ ಕೇಳೋದು. ನಿಮ್ಮಜ್ಜಿ ಕೇಳೋದೂ ಅದೇ ಇರ್ಬೇಕು" ಎಂದರು. ಒಂದು ಸಾಲು ಸರಿಯಾಗಿ ಬಂದರೆ ಒಂದು ಲವಂಗ ಬಹುಮಾನ. ಗೋಡೆಯಾಚೆ ನಮ್ಮಜ್ಜಿ ನಸೀಮಾಳನ್ನು ಹೊಗಳುವುದು ಕೇಳಿಸುತ್ತಿತ್ತು. "ನಮ್ಮ ಸುಮಿಗಿಂತ ಸ್ವಚ್ಛ ಹೇಳ್ತಾಳೆ ಈ ಹುಡುಗಿ." ಹೊಟ್ಟೆ ಉರಿಯಿತಾದರೂ ನಾನೂ ಕಲಿತೆ. ಏಳೂ ಸಾಲು ತಡವರಿಸದೆ ಹೇಳಿದ ದಿನ ದಾದಿ ಮೊರ ಪಕ್ಕಕ್ಕಿಟ್ಟು ನನ್ನ ಗಲ್ಲ ಸವರಿದರು. ಪೊರೆ ಬಂದಮೇಲೆ ಹೊಸಿಲು ದಾಟದಿದ್ದವರು, "ಆ ದಿನ ನಾನೂ ಬರ್ತೀನಿ. ಕಣ್ಣು ಕಾಣ್ದಿದ್ರೇನು, ನಿನ್ ದನಿ ಗೊತ್ತಾಗ್ತದೆ" ಎಂದರು.

ಪ್ರಾರ್ಥನೆಯ ಹಿಂದಿನ ದಿನ ತುಮಕೂರಿನಿಂದ ದೊಡ್ಡಪ್ಪ ಬಂದರು. ಊಟಕ್ಕೆ ಕೂತಾಗ ನನ್ನ ಕಲಿಕೆಯ ಮಾತು ಬಂತು. ದೊಡ್ಡಪ್ಪ ಸಾರು ಕಲಸುತ್ತ ನಕ್ಕರು. "ಯಾಕಮ್ಮ ಸುಮಿ, ನಮ್ಮದ್ರಲ್ಲಿ ಹೇಳೋಕೆ ಏನೂ ಸಿಗ್ಲಿಲ್ವಾ?" ಅಷ್ಟೇ. ಬೈಯಲಿಲ್ಲ, ಬೇಡ ಅನ್ನಲಿಲ್ಲ. ಅಪ್ಪ ಮಜ್ಜಿಗೆ ಹಾಕಿಸಿಕೊಂಡರು. ಯಾರಾದರೂ ತಡೆದಿದ್ದರೆ ಇವತ್ತು ಅವರ ತಲೆಗೆ ಕಟ್ಟಿ ನಾನು ಹಾಯಾಗಿರಬಹುದಿತ್ತು. ಯಾರೂ ತಡೆಯಲಿಲ್ಲ.

ಮಾರನೆಯ ದಿನ ಹಾಲಿನ ಮೊದಲ ಸಾಲಿನ ಒಂದು ತುದಿಗೆ ದೊಡ್ಡಪ್ಪ ಕೂತಿದ್ದರು. ಇನ್ನೊಂದು ತುದಿಗೆ ದಾದಿ, ಸೊಸೆಯ ಕೈ ಹಿಡಿದು ಬಂದು, ಇಸ್ತ್ರಿ ಮಾಡಿದ ದುಪಟ್ಟಾ ಹೊದ್ದು, ಕಿವಿಯನ್ನು ವೇದಿಕೆಯ ಕಡೆ ತಿರುಗಿಸಿ ಕೂತಿದ್ದರು. ನನ್ನ ಹೆಸರು ಕರೆದರು. ಏಳೂ ಸಾಲು ನಾಲಿಗೆಯ ತುದಿಯಲ್ಲಿದ್ದವು. ಅಷ್ಟರಲ್ಲಿ ದೊಡ್ಡಪ್ಪ ಪಕ್ಕದವರಿಗೆ ಏನೋ ಹೇಳಿ ನಕ್ಕದ್ದು ಕಂಡಿತು. ನನ್ನ ವಿಷಯವೇ ಆಗಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಕೈಮುಗಿದು ನಮ್ಮಜ್ಜಿಯ ಶ್ಲೋಕ ಹೇಳಿ ಇಳಿದುಬಿಟ್ಟೆ. ನನ್ನ ನಂತರದವಳು ನಸೀಮಾ. ಅವತ್ತಿಗೆಂದು ಅವಳು ಕಲಿತದ್ದೂ ಅದೊಂದನ್ನೇ. ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಮೈಕಿನ ಮುಂದೆ ನಿಂತು ಅದೇ ಶ್ಲೋಕವನ್ನು ನಿಧಾನವಾಗಿ, ಒಂದಕ್ಷರವೂ ತಪ್ಪದೆ ಹೇಳಿದಳು. ಹಿಂದಿನ ಸಾಲಿನವರು ಮಕ್ಕಳು ಎಡವಟ್ಟು ಮಾಡಿಕೊಂಡವು ಎಂದು ನಕ್ಕರು. ಮೇರಿ ಟೀಚರ್ ನಗಲಿಲ್ಲ.

ಎಲ್ಲ ಮುಗಿದು ಕುರ್ಚಿ ಮಡಚುವ ಸದ್ದು ಶುರುವಾದರೂ ದಾದಿ ಏಳಲಿಲ್ಲ. ನಾನು ವೇದಿಕೆಯ ಪರದೆಯ ಹಿಂದೆ ನಿಂತಿದ್ದೆ. ನಸೀಮಾ ಅವರ ಭುಜ ಮುಟ್ಟಿ "ಮುಗೀತು, ಬನ್ನಿ ದಾದಿ" ಎಂದಳು. "ಸುಮಿ ಇನ್ನೂ ನಮ್ದು ಹೇಳಿಲ್ವಲ್ಲ" ಎಂದರು ದಾದಿ, ಉರ್ದುವಿನಲ್ಲಿ. ಅಷ್ಟು ಉರ್ದು ನನಗೂ ಅರ್ಥವಾಗುತ್ತಿತ್ತು. ಪರದೆ ಸರಿಸಿದರೆ ನಾಲ್ಕು ಹೆಜ್ಜೆ. ಖಾಲಿ ಹಾಲಿನಲ್ಲಿ, ಅವರ ಕಿವಿಯ ಹತ್ತಿರ ಹೇಳಿದ್ದರೂ ಸಾಕಿತ್ತು. ನಾನು ಕದಲಲಿಲ್ಲ.

ಹೊರಗೆ ನಲ್ಲಿಯ ಹತ್ತಿರ ನಸೀಮಾ ಕೇಳಿದಳು. "ಮರ್ತೋಯ್ತೇನೇ?" ಆ ನೆಪವನ್ನು ಅವಳೇ ಕೊಟ್ಟಳು. "ಹೂಂ, ಮರ್ತೋಯ್ತು" ಎಂದೆ. ಮನೆಯಲ್ಲಿ ನಮ್ಮಜ್ಜಿ ಬತ್ತಿ ಹೊಸೆಯುತ್ತ, ನನ್ನ ಕಡೆ ನೋಡದೆಯೇ ಅಂದರು. "ಅವಳು ನಮ್ಮದು ಹೇಳಿದ್ಲು. ನೀನೂ ನಮ್ಮದೇ ಹೇಳ್ದೆ. ಅವರಜ್ಜಿದು ಯಾರು ಹೇಳಿದ್ರು?" ಅವರ ಮನೆಯ ನೀರು ಮುಟ್ಟದ ಅಜ್ಜಿ ಕೇಳಿದ ಮಾತು ಅದು.

ಮರುದಿನ ನಸೀಮಾ ಬೇಲಿಯ ಹತ್ತಿರ ಬಂದಳು. "ದಾದಿ ಅಂತಾರೆ, ಹುಡುಗೀದೇನೂ ತಪ್ಪಿಲ್ಲ, ನಂಗೇ ವಯಸ್ಸಾಯ್ತು, ಸರಿಯಾಗಿ ಕಲ್ಸೋಕೆ ಬರ್ಲಿಲ್ಲ ಅಂತ. ಬಾ ಅಂದ್ರು, ಮೊದ್ಲಿಂದ ಕಲಿಸ್ತಾರಂತೆ." ನಾಳೆ ಬರುತ್ತೇನೆ ಎಂದೆ. ಮಾರನೆಯ ದಿನ ಹೋಮ್‌ವರ್ಕ್ ಎಂದೆ, ಅದರ ಮಾರನೆಯ ದಿನ ಕೆಮ್ಮು ಎಂದೆ. ಕೆಮ್ಮಿಗೆ ದಾದಿ ಪೇಪರಿನಲ್ಲಿ ಸುತ್ತಿ ಲವಂಗ ಕಳಿಸಿದರು. ಆ ಪೊಟ್ಟಣ ನನ್ನ ಕಂಪಾಸ್ ಬಾಕ್ಸಿನಲ್ಲಿ ವರ್ಷವೆಲ್ಲ ಇತ್ತು, ಪುಸ್ತಕಗಳಿಗೂ ಅದೇ ವಾಸನೆ ಹತ್ತಿತ್ತು. ಮುಂದಿನ ಮಳೆಗಾಲದಲ್ಲಿ ದಾದಿ ತೀರಿಕೊಂಡರು. ಅವರನ್ನು ಹೊತ್ತು ಹೋಗುವುದನ್ನು ಕಿಟಕಿಯ ಸರಳು ಹಿಡಿದು ನೋಡಿದೆ, ಹೊರಗೆ ಬರಲಿಲ್ಲ. ಆಮೇಲೆ ನಸೀಮಾಳ ಮನೆಯವರು ಕೋಲಾರಕ್ಕೆ ಹೋದರು, ನಾವೂ ಕ್ವಾರ್ಟರ್ಸ್ ಬಿಟ್ಟೆವು. ಈಚೆಗೆ ಒಮ್ಮೆ ಆ ಕಡೆ ಹೋದಾಗ ನೋಡಿದೆ. ಎರಡು ಮನೆಗೂ ಬಾಗಿಲಿಲ್ಲ, ಸೂರಿಲ್ಲ. ನಡುವಿನ ಆ ಒಂದು ಗೋಡೆ ಮಾತ್ರ ನಿಂತಿದೆ.

ಭಾನುವಾರ ಚಪ್ಪಾಳೆ ತಟ್ಟಿದವರಿಗೆ ನಾನು ಹೇಳದೆ ಇಟ್ಟುಕೊಂಡದ್ದು ಇಷ್ಟು. ಲವಂಗ ಕಚ್ಚಿದ ಆ ಸಂಜೆ ಕೈಕಾಲು ತೊಳೆದು ಬಂದು, ತಲೆಗೆ ಸೆರಗು ಹೊದ್ದು, ಅರ್ಧ ಮರಗಟ್ಟಿದ ನಾಲಿಗೆಯಲ್ಲೇ ಹೇಳಿ ನೋಡಿದೆ. ಅವಸರ ಮಾಡಲಿಲ್ಲ. ಏಳೂ ಸಾಲು ಬಂದವು ದಾದಿ, ಒಂದೂ ತಪ್ಪಲಿಲ್ಲ. ನೀವು ಚೆನ್ನಾಗಿಯೇ ಕಲಿಸಿದ್ದಿರಿ. ನನಗೆ ಅವತ್ತೂ ಮರೆತಿರಲಿಲ್ಲ.